ಗಟ್ಟಿ ಸಿಪ್ಪೆಯ ಮರಬೀಜಗಳನ್ನು ಮೊಳೆಯಿಸುವುದು ಹೇಗೆ?

ಮೈಸೂರಿನ ರಸ್ತೆಬದಿಯ ಕಕ್ಕೆ ಮರಗಳಡಿ ಬೇಸಿಗೆಯಲ್ಲಿ ಬಿದ್ದಿರುವ ಉದ್ದನೆಯ ಕಪ್ಪು ಕಾಯಿಗಳನ್ನು ಆಯ್ದು ತಂದು, ಬೀಜ ಬಿಡಿಸಿ, ಹಾಗೆಯೇ ಮಣ್ಣಿಗೆ ಹಾಕಿದವರಲ್ಲಿ ಬಹಳ ಮಂದಿ ತಿಂಗಳುಗಟ್ಟಲೆ ನೀರೆರೆದು, ಕಡೆಗೆ ಬೀಜವೇ ಜೊಳ್ಳೆಂದು ಕೈಬಿಡುತ್ತಾರೆ. ನಿಜವಾಗಿ ಆ ಬೀಜಗಳಲ್ಲಿ ಹೆಚ್ಚಿನವು ಜೀವಂತವಾಗಿಯೇ ಇರುತ್ತವೆ; ಸಿಪ್ಪೆಯಲ್ಲಿ ಒತ್ತೊತ್ತಾಗಿ ನಿಂತ ಕೋಶಗಳ ಪದರ ಒಳಕ್ಕೆ ನೀರು ಇಳಿಯಗೊಡುವುದಿಲ್ಲ, ಅಷ್ಟೆ. ಕಾಡಿನಲ್ಲಿ ಬಿಸಿಲು, ಬೆಂಕಿ, ಪ್ರಾಣಿಗಳ ಜಠರ ಈ ಸಿಪ್ಪೆಯನ್ನು ಸಡಿಲಿಸುತ್ತವೆ. ಮನೆಯಲ್ಲಿ ಆ ಕೆಲಸವನ್ನು ನಾವು ಮಾಡಬೇಕಾಗುತ್ತದೆ.

ಮೊದಲು ಕಾಯಿಯನ್ನು ಒಡೆದು, ಅಡ್ಡಗೋಡೆಗಳ ನಡುವೆ ಕುಳಿತಿರುವ ಚಪ್ಪಟೆ ಬೀಜಗಳನ್ನು ಬಿಡಿಸಿ, ಕಪ್ಪು ಅಂಟು ಹೋಗುವಂತೆ ತೊಳೆಯಿರಿ. ಹುಳು ಕೊರೆದ ತೂತುಗಳಿರುವ ಬೀಜಗಳನ್ನು ಎಸೆದುಬಿಡಿ.

ಹತ್ತಿಪ್ಪತ್ತು ಬೀಜಗಳಷ್ಟೇ ಇದ್ದರೆ ಉಗುರು ಕತ್ತರಿಗಿಂತ ನಂಬಿಕೆಯ ಸಾಧನ ಬೇರಿಲ್ಲ. ಬೀಜದ ಒಂದು ತುದಿಯಲ್ಲಿ ಅದು ಕಾಯಿಗೆ ಅಂಟಿದ್ದ ಗುರುತು ಕಾಣುತ್ತದೆ. ಬೇರು ಹೊರಡುವುದು ಅದರ ಬಳಿಯಿಂದಲೇ ಆದ್ದರಿಂದ ಆ ಭಾಗವನ್ನು ಮುಟ್ಟದೆ, ಎದುರು ತುದಿಯ ಅಂಚಿನಲ್ಲಿ ಕಂದು ಸಿಪ್ಪೆ ಹೋಗಿ ಒಳಗಿನ ತಿಳಿ ಬಣ್ಣ ಇಣುಕುವಷ್ಟು ಮಾತ್ರ ಕತ್ತರಿಸಬೇಕು. ಉಪ್ಪುಕಾಗದದಲ್ಲಿ ಉಜ್ಜಿದರೂ ಆದೀತು, ಆದರೆ ಬೆರಳು ನೋಯುತ್ತದೆ. ಬಳಿಕ ರಾತ್ರಿಯಿಡೀ ತಣ್ಣೀರಿನಲ್ಲಿ ನೆನೆಸಿ.

ಬೀಜ ಹೆಚ್ಚಿದ್ದರೆ ಬಿಸಿನೀರೇ ಸುಲಭ. ಬೀಜದ ಐದಾರು ಪಟ್ಟು ನೀರು ಕುದಿಸಿ, ಒಲೆಯಿಂದ ಇಳಿಸಿದ ಮೇಲೆ ಬೀಜ ಸುರಿದು, ಅದೇ ನೀರಿನಲ್ಲಿ ತಣ್ಣಗಾಗಲು ಮರುದಿನದವರೆಗೆ ಬಿಡಿ. ಒಲೆಯ ಮೇಲಿಟ್ಟು ಕುದಿಸಿದರೆ ಬೀಜ ಬೆಂದುಹೋಗುತ್ತದೆ. ಸುಬಾಬುಲ್, ಜಾಲಿ ಬೀಜಗಳಿಗೂ ಇದೇ ಕ್ರಮ. ನರ್ಸರಿಗಳಲ್ಲಿ ಗಂಧಕಾಮ್ಲ ಬಳಸುವುದುಂಟು; ಮನೆಯವರು ಅದರ ಗೋಜಿಗೆ ಹೋಗದಿರುವುದೇ ಲೇಸು.

ಮರುದಿನ ಒಂದೊಂದನ್ನೂ ಕೈಯಲ್ಲಿ ಹಿಡಿದು ನೋಡಿ. ನೀರು ಕುಡಿದ ಬೀಜ ಉಬ್ಬಿ, ಹೊಳಪು ಕಳೆದುಕೊಂಡು ಮೆತ್ತಗಾಗಿರುತ್ತದೆ. ಅದನ್ನು ಒಣಗಲು ಬಿಡದೆ ಅಂದೇ ಬಿತ್ತಬೇಕು. ಉಬ್ಬದೆ ಕಲ್ಲಿನಂತೆಯೇ ಉಳಿದವುಗಳ ಸಿಪ್ಪೆಯನ್ನು ಕತ್ತರಿಸಿ ಮತ್ತೆ ನೆನೆಸಿ.

ಮಂಡ್ಯದ ಕಡೆ ಬದುಗಳಲ್ಲಿ ಬೆಳೆಸುವ ಹುಣಸೆಗೆ ಇಷ್ಟು ಪಾಡಿಲ್ಲ, ಉಗುರುಬೆಚ್ಚಗಿನ ನೀರಿನಲ್ಲಿ ಒಂದು ರಾತ್ರಿ ನೆನೆಸಿದರೆ ಸಾಮಾನ್ಯವಾಗಿ ಸಾಕಾಗುತ್ತದೆ. ತೇಗದ ದಾರಿಯೇ ಬೇರೆ: ರಾತ್ರಿ ನೀರಿನಲ್ಲಿ ನೆನೆಸಿ ಹಗಲು ಬಿಸಿಲಿನಲ್ಲಿ ಒಣಗಿಸುವುದನ್ನು ಒಂದೆರಡು ವಾರ ನಡೆಸಬೇಕು, ಆಗಲೂ ಮೊಳಕೆಗಳು ಒಟ್ಟಿಗೆ ಬಾರವು. ಬೇವಿನ ಬೀಜಕ್ಕೆ ಇದಾವುದೂ ಬೇಡ. ಅದು ಬೇಗನೆ ಜೀವ ಕಳೆದುಕೊಳ್ಳುವುದರಿಂದ ಹಣ್ಣು ಉದುರಿದ ಕೂಡಲೇ ಬಿತ್ತಬೇಕು.

ಎರಡು ಪಾಲು ಕೆಮ್ಮಣ್ಣು, ಒಂದೊಂದು ಪಾಲು ಮರಳು ಮತ್ತು ಕಳಿತ ಕೊಟ್ಟಿಗೆ ಗೊಬ್ಬರ ಬೆರೆಸಿ ತೂತುಳ್ಳ ಪ್ಲಾಸ್ಟಿಕ್ ಚೀಲಕ್ಕೆ ತುಂಬಿ, ಕಕ್ಕೆ ಬೀಜವನ್ನು ಸುಮಾರು 1 ಸೆಂ.ಮೀ. ಆಳದಲ್ಲಿಡಿ. ಮೊಳಕೆ ಬರುವ ತನಕ ಮೇಲ್ಮಣ್ಣು ಹದವಾಗಿರುವಷ್ಟು ಮಾತ್ರ ನೀರು ಚಿಮುಕಿಸಿ, ಏಕೆಂದರೆ ಸಿಪ್ಪೆ ಕತ್ತರಿಸಿದ ಬೀಜ ಜವುಗಿನಲ್ಲಿ ಬೇಗ ಕೊಳೆಯುತ್ತದೆ.