ಗಂಗೊಳ್ಳಿಯ ಅಜ್ಜನ ಮನೆ: ಪಹಣಿ ತೊಡಕು ಬಿಡಿಸಿದ ನನ್ನ ಅನುಭವ

ಕರಾವಳಿಯ ಗಂಗೊಳ್ಳಿಯಲ್ಲಿ ನಾವು ಮಾರಾಟಕ್ಕಿಟ್ಟ ಹಂಚಿನ ಮನೆ ನೋಡಲು ಬಂದವರಿಗೆಲ್ಲ ಇಷ್ಟವಾಗುತ್ತಿತ್ತು, ಆದರೆ ಪಹಣಿಯಲ್ಲಿ, ಅಂದರೆ ಜಾಗ ಯಾರದೆಂದು ಹೇಳುವ ಸರ್ಕಾರಿ ದಾಖಲೆಯಲ್ಲಿ, ಇನ್ನೂ ತೀರಿಹೋದ ಅಜ್ಜನ ಹೆಸರೇ ಇದೆ ಎಂದು ತಿಳಿದ ಕೂಡಲೇ ಮಾತು ನಿಲ್ಲುತ್ತಿತ್ತು. ಎರಡು ಮಳೆಗಾಲ ಸುಮ್ನೆ ಹೋಯಿತು. ಉಪ್ಪುಗಾಳಿಗೆ ಕಿಟಕಿಯ ಸರಳು ಪದರ ಪದರವಾಗಿ ಉದುರುತ್ತಿತ್ತು, ನೋಡಿದರೆ ಹೊಟ್ಟೆ ಉರಿಯುತ್ತಿತ್ತು.

ಕೊನೆಗೆ ನಾಡಕಚೇರಿಯಲ್ಲಿ ವಂಶವೃಕ್ಷ ಮಾಡಿಸಿ, ಅಜ್ಜನ ಮರಣ ಪತ್ರ ಸೇರಿಸಿ ಪೌತಿ ಖಾತೆಗೆ, ಅಂದರೆ ತೀರಿಹೋದವರ ಖಾತೆಯನ್ನು ವಾರಸುದಾರರ ಹೆಸರಿಗೆ ಮಾಡಿಸಲು, ಅರ್ಜಿ ಕೊಟ್ಟೆ. ಅಜ್ಜನ ಮಕ್ಕಳಾದ, ಮುಂಬೈಯಲ್ಲಿರುವ ಅತ್ತೆಯರಿಬ್ಬರ ಹೆಸರನ್ನೂ ಹಾಕಿಸಿದೆ. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯಿಂದ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲು ಇದೆ, ಅವರನ್ನು ಬಿಟ್ಟು ಮಾರಿದರೆ ಮುಂದೆ ಕೋರ್ಟಿಗೆ ಅಲೆಯೋದು ತಪ್ಪಿದ್ದಲ್ಲ, ಅಲ್ವಾ? ಅದಕ್ಕಿಂತ ಜಾಸ್ತಿ, ಆ ಜಗಲಿಯಲ್ಲಿ ಆಡಿ ಬೆಳೆದವರು ಅವರೇ. ಅರ್ಜಿಯ ಮೇಲೆ ಹೊರಡಿಸಿದ ನೋಟಿಸಿಗೆ ಯಾರೂ ತಕರಾರು ಮಾಡಲಿಲ್ಲ, ಮ್ಯುಟೇಶನ್ ಆಯಿತು, ಪಹಣಿಯಲ್ಲಿ ಹೆಸರು ಬದಲಾಯಿತು. ಆಸ್ತಿಯ ಮೇಲೆ ಸಾಲ, ಅಡಮಾನ ಇದೆಯೇ ಎಂದು ತೋರಿಸುವ ಋಣಭಾರ ಪತ್ರವನ್ನೂ ತೆಗೆಸಿಟ್ಟ ಮೇಲೆ ಬಂದ ಮೊದಲ ಕುಟುಂಬವೇ ಮುಂಗಡ ಕೊಟ್ಟು ಹೋಯಿತು.