ಟಯರ್ ದೊಡ್ಡದಾದರೆ ಕ್ರೌನ್-ಪಿನಿಯನ್ ಯಾವುದು?

ಕಾಸರಗೋಡಿನ ಪಾಣತ್ತೂರು, ಬಂದಡ್ಕ ಕಡೆಯ ಚಡಾವಿನಲ್ಲಿ ಮುರಕಲ್ಲು ಹೇರುವ ಪಿಕಪ್‌ಗೆ ದೊಡ್ಡ ಟಯರ್ ಹಾಕಿಸಿದರೆ ವ್ಯತ್ಯಾಸ ಬೇಗ ತಿಳಿಯುತ್ತದೆ. ಎರಡನೇ ಗೇರಿನಲ್ಲಿ ಹತ್ತುತ್ತಿದ್ದ ಗಾಡಿ ಒಂದನೇ ಗೇರು ಕೇಳುತ್ತದೆ, ಕ್ಲಚ್ ಸುಟ್ಟ ವಾಸನೆ ಬರುತ್ತದೆ. ಇಂಜಿನ್ ಕೆಟ್ಟಿಲ್ಲ, ಚಕ್ರ ದೊಡ್ಡದಾದಷ್ಟೂ ಎಳೆತ ಇಳಿಯುತ್ತದೆ. ಅದನ್ನು ಮರಳಿ ತರುವುದು ಆಕ್ಸಲ್ ನಡುವಿನ ಗುಂಡು ಪೆಟ್ಟಿಗೆಯ (ಹೌಸಿಂಗ್) ಒಳಗಿನ ಕ್ರೌನ್-ಪಿನಿಯನ್, ಅಂದರೆ ಶಾಫ್ಟಿನ ತಿರುಗುವಿಕೆಯನ್ನು ಚಕ್ರಕ್ಕೆ ದಾಟಿಸುವ ದೊಡ್ಡ-ಸಣ್ಣ ಹಲ್ಲುಚಕ್ರಗಳ ಜೋಡಿ.

ಮೊದಲು ಕಾಗದ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ತಯಾರಕರ ಮೂಲ ವಿವರಕ್ಕೆ ಹೊಂದದ ಮಾರ್ಪಾಟು ಮಾಡುವಂತಿಲ್ಲ. ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2019ರಲ್ಲಿ ಇದನ್ನೇ ಹೇಳಿತು. ಗಾಡಿಯ ನೋಂದಣಿ ಕೆಎಲ್-14 ಆಗಲಿ ಕೆಎಲ್-60 ಆಗಲಿ, ನಿಮ್ಮ ಆರ್‌ಟಿ ಕಚೇರಿಯಲ್ಲಿ ಕೇಳಿಯೇ ಮುಂದುವರಿಯಿರಿ.

ಚಕ್ರಗಳ ಒಂದು ಸುತ್ತಿಗೆ ಶಾಫ್ಟ್ ಎಷ್ಟು ಸುತ್ತು ಬರುತ್ತದೆ ಎಂಬುದೇ ಅನುಪಾತ. ಈಗಿನ ಅನುಪಾತ ತಿಳಿಯಲು ಗಾಡಿಯನ್ನು ಸಮತಟ್ಟಿನಲ್ಲಿ ನ್ಯೂಟ್ರಲ್‌ನಲ್ಲಿ ನಿಲ್ಲಿಸಿ, ನೆಲದಲ್ಲಿರುವ ಚಕ್ರಗಳಿಗೆ ಎರಡೂ ಬದಿಯಿಂದ ಕಲ್ಲು ಕೊಡಿ. ಹಿಂದಿನ ಒಂದು ಚಕ್ರವನ್ನಷ್ಟೇ ಜಾಕ್‌ನಲ್ಲಿ ಎತ್ತಿ, ಆಕ್ಸಲ್ ಕೆಳಗೆ ಸ್ಟ್ಯಾಂಡ್ ಇಟ್ಟು, ಹ್ಯಾಂಡ್‌ಬ್ರೇಕ್ ಬಿಡಿ. ಗೇರ್‌ಬಾಕ್ಸಿನಿಂದ ಹಿಂದಕ್ಕೆ ಬರುವ ಪ್ರೊಪೆಲ್ಲರ್ ಶಾಫ್ಟಿಗೆ ಸೀಮೆಸುಣ್ಣದ ಗೆರೆ ಎಳೆದು ಚಕ್ರವನ್ನು 20 ಸುತ್ತು ತಿರುಗಿಸಿ. ಇನ್ನೊಂದು ಚಕ್ರ ನಿಂತೇ ಇರುವುದರಿಂದ ಈ 20 ಸುತ್ತನ್ನು 10 ಎಂದೇ ಹಿಡಿಯಬೇಕು; ಶಾಫ್ಟ್ 41 ಸುತ್ತು ಬಂದರೆ ಅನುಪಾತ 41 ÷ 10, ಅಂದರೆ 4.10. ಎರಡು ಬದಿಯ ಚಕ್ರಗಳನ್ನು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ, ಲಾಕ್ ಇಲ್ಲದ ಡಿಫರೆನ್ಷಿಯಲ್‌ಗೆ ಮಾತ್ರ ಈ ಲೆಕ್ಕ.

ಇನ್ನು ಗುಣಾಕಾರ: ಹಳೆಯ ಅನುಪಾತ × ಹೊಸ ಟಯರಿನ ವ್ಯಾಸ ÷ ಹಳೆಯ ವ್ಯಾಸ. 235/75 ಆರ್15 ಟಯರಿನ ವ್ಯಾಸ ಸುಮಾರು 733 ಮಿ.ಮೀ., 31 ಇಂಚಿನದು 787. 4.10 ಇದ್ದ ಗಾಡಿಗೆ ಬೇಕಾದದ್ದು 4.40. ಆ ಹೌಸಿಂಗಿಗೆ ಸಿಗುವುದು 4.30 ಮತ್ತು 4.56 ಎಂದಾದರೆ, ಲೋಡು ಹೊತ್ತು ಗುಡ್ಡೆ ಹತ್ತುವವರು 4.56 ಹಾಕಿಸಲಿ; ರಾಷ್ಟ್ರೀಯ ಹೆದ್ದಾರಿ 66ರಲ್ಲೇ ಓಡುವವರಿಗೆ 4.30 ಸಾಕು. ನಾಲ್ಕೂ ಚಕ್ರಕ್ಕೆ ಎಳೆತ ಕೊಡುವ ಫೋರ್ ವೀಲ್ ಗಾಡಿಯಾದರೆ ಮುಂದೆ, ಹಿಂದೆ ಎರಡನ್ನೂ ಬದಲಿಸಲೇಬೇಕು. ಅನುಪಾತ ಬೇರೆಯಾದರೆ ಗಟ್ಟಿ ರಸ್ತೆಯಲ್ಲಿ ಫೋರ್ ವೀಲ್ ಹಾಕಿದಾಗ ಮುಂದಕ್ಕೂ ಹಿಂದಕ್ಕೂ ಎಳೆತ ಹಂಚುವ ಟ್ರಾನ್ಸ್‌ಫರ್ ಕೇಸ್ ಬಿಗಿದು ಮುರಿಯುತ್ತದೆ.

ಎಸ್ಟಿಮೇಟನ್ನು ಬಿಡಿಸಿ ಬರೆಸಿ: ಕ್ರೌನ್-ಪಿನಿಯನ್ ಜೋಡಿ, ಬೇರಿಂಗ್‌ಗಳು, ಶಿಮ್ (ಅಂತರ ಹೊಂದಿಸುವ ತೆಳು ತಗಡು), ಸೀಲ್, ಕ್ರೌನ್ ಬೋಲ್ಟ್, ಎಣ್ಣೆ, ಕೂಲಿ. ಕ್ರಶ್ ಸ್ಲೀವ್ (ಪಿನಿಯನ್ ಬಿಗಿಸುವಾಗ ಅಮುಕಿಕೊಳ್ಳುವ ಕೊಳವೆ) ಇರುವ ಹೌಸಿಂಗಿಗೆ ಅದೂ ಹೊಸದೇ ಬೇಕು, ಒಮ್ಮೆ ಅಮುಕಿದ್ದು ಮತ್ತೆ ಬಾರದು. ಬಿಡಿಭಾಗಕ್ಕಷ್ಟೇ ಮುಂಗಡ ಕೊಟ್ಟು ಜಿಎಸ್‌ಟಿ ಬಿಲ್ ಪಡೆಯಿರಿ. ಕೂಲಿ ಓಡಿಸಿ ನೋಡಿದ ಮೇಲೆ. ಕ್ರೌನ್ ಮತ್ತು ಪಿನಿಯನ್ ಮೇಲೆ ಕೊರೆದ ಜೋಡಿ ಸಂಖ್ಯೆ ಒಂದೇ ಇರಬೇಕು. ಗುಜರಿಯಿಂದ ತರುವುದಾದರೆ ಬಿಡಿ ಹಲ್ಲುಚಕ್ರ ಬೇಡ, ಹೌಸಿಂಗ್ ಸಮೇತ ತನ್ನಿ.

ಕೂಲಿಯಲ್ಲಿ ಮಾತ್ರ ಚೌಕಾಸಿ ಮಾಡಬೇಡಿ. ಸೂಕ್ಷ್ಮ ಅಂತರ ಅಳೆಯುವ ಡಯಲ್ ಗೇಜ್ ಇಲ್ಲದ ಗ್ಯಾರೇಜಿಗೆ ಈ ಕೆಲಸ ಕೊಡಬಾರದು. ಬ್ಯಾಕ್‌ಲ್ಯಾಶ್ (ಕೂಡುವ ಹಲ್ಲುಗಳ ನಡುವಿನ ಸಡಿಲು) ಸಾಮಾನ್ಯವಾಗಿ 0.15ರಿಂದ 0.25 ಮಿ.ಮೀ.; ನಿಖರ ಅಳತೆ ಕಂಪನಿಯ ಪುಸ್ತಕದ್ದೇ. ಹಲ್ಲಿಗೆ ಬಣ್ಣ ಹಚ್ಚಿ ತಿರುಗಿಸಿದಾಗ ಗುರುತು ಹಲ್ಲಿನ ನಡುವೆ ಬೀಳಬೇಕು. ಬುಡಕ್ಕೆ ಇಳಿದರೆ ಪಿನಿಯನ್ ಹೆಚ್ಚು ಒಳಗಿದೆ, ತುದಿಗೆ ಏರಿದರೆ ಒಳಗೆ ಸಾಲದು ಎಂದರ್ಥ. ಶಿಮ್ ಬದಲಿಸಿ ಮತ್ತೆ ನೋಡಬೇಕು, ನಾಲ್ಕು ಸಲ ಬಿಚ್ಚಬೇಕಾದರೂ ಸರಿ. ಇಲ್ಲಿ ಅವಸರ ಮಾಡಿದ ಗಾಡಿಯೇ ಮುಂದೆ ಗುಂಯ್‌ಗುಡುವುದು. ಹಾಗೇ ಓಡಿಸಿದರೆ ಹಲ್ಲು ಹಾರುತ್ತದೆ.

ಜಿಎಲ್-5 ದರ್ಜೆಯ ಗೇರ್ ಎಣ್ಣೆ ತುಂಬಿ. ಮೊದಲ ಸಲ 25 ಕಿ.ಮೀ. ನಿಧಾನಕ್ಕೆ ಓಡಿಸಿ ಅರ್ಧ ಗಂಟೆ ತಣಿಯಲು ಬಿಡಿ. 800 ಕಿ.ಮೀ.ವರೆಗೆ ಭಾರ ಬೇಡ, ಆಮೇಲೆ ಎಣ್ಣೆ ಬದಲಿಸಿ. ಡ್ರೈನ್ ಬೋಲ್ಟಿನ ಅಯಸ್ಕಾಂತಕ್ಕೆ ಬೂದಿಯಂಥ ನುಣ್ಣನೆ ಪುಡಿ ಅಂಟಿದ್ದರೆ ಸಹಜ. ಚೂರುಗಳಿದ್ದರೆ ಬಿಲ್ ಹಿಡಿದು ಅದೇ ಗ್ಯಾರೇಜಿಗೆ ಹೋಗಿ ಬಿಚ್ಚಿಸಿ.