ಪೆಟ್ರೋಲ್ ಗರಗಸ ಕೊಳ್ಳುವ ಮುನ್ನ ಹೋಲಿಸಿ ನೋಡಬೇಕಾದದ್ದು

ಬದುವಿನ ಬಳ್ಳಾರಿ ಜಾಲಿ ತೆಗೆಯುವುದಕ್ಕೋ ತೋಟದಲ್ಲಿ ಮುರಿದುಬಿದ್ದ ಮಾವಿನ ಟೊಂಗೆ ತುಂಡರಿಸುವುದಕ್ಕೋ ಪೆಟ್ರೋಲ್ ಗರಗಸ ಬೇಕೆಂದು ಹುಬ್ಬಳ್ಳಿಯ ಅಂಗಡಿಗೆ ಹೋದರೆ, ಮೊದಲು ಕಿವಿಗೆ ಬೀಳುವುದು ಸಿಸಿಯ ಲೆಕ್ಕ. ಆದರೆ ಸಿಸಿ ಎಂಜಿನ್ನಿನ ಗಾತ್ರವನ್ನು ಹೇಳುತ್ತದೆಯೇ ಹೊರತು ಶಕ್ತಿಯನ್ನಲ್ಲ. ಆದ್ದರಿಂದ ಕೈಪಿಡಿಯಲ್ಲಿ ಕಿಲೋವ್ಯಾಟ್ ಎಷ್ಟೆಂದು ಓದಿ, ಅದರ ಪಕ್ಕದಲ್ಲೇ ತೂಕವನ್ನೂ ಬರೆದುಕೊಂಡು ಹೋಲಿಸಬೇಕು. ಅಲ್ಲಿ ನಮೂದಿಸಿರುವುದು ಸಾಮಾನ್ಯವಾಗಿ ಬಾರ್ (ಚೈನು ಸುತ್ತುವ ಉದ್ದನೆಯ ಉಕ್ಕಿನ ಪಟ್ಟಿ), ಚೈನು, ಪೆಟ್ರೋಲ್ ಯಾವುದೂ ಇಲ್ಲದ ತೂಕವಾದ್ದರಿಂದ, ಎಲ್ಲವನ್ನೂ ಜೋಡಿಸಿದ ಯಂತ್ರವನ್ನೇ ಎರಡು ನಿಮಿಷ ಎತ್ತಿ ಹಿಡಿದು ನೋಡುವುದು ಒಳ್ಳೆಯದು.

ಶಕ್ತಿಗೂ ಬಾರಿನ ಉದ್ದಕ್ಕೂ ಹೊಂದಿಕೆ ಇರಬೇಕು. ನಾನು ಮೊದಲು ಕೊಂಡ ಗರಗಸದ ಬಾರ್ 22 ಇಂಚು ಇತ್ತು. ಉದ್ದವಿದ್ದಷ್ಟೂ ಅನುಕೂಲವೆಂದು ನಂಬಿದ್ದೆ. ಒಣಗಿದ ಕರಿಜಾಲಿಯ ಬೊಡ್ಡೆಗೆ ಹಾಕಿದಾಗ ಅರ್ಧ ಇಳಿಯುವಷ್ಟರಲ್ಲಿ ಚೈನು ನಿಂತು, ಎಂಜಿನ್ ಮಾತ್ರ ಕೂಗುತ್ತ, ಕ್ಲಚ್ಚಿನಿಂದ ಸುಟ್ಟ ವಾಸನೆ ಬರುತ್ತಿತ್ತು. ಆಮೇಲೆ ಅದೇ ಶಕ್ತಿಯ ಯಂತ್ರಕ್ಕೆ 18 ಇಂಚಿನ ಬಾರ್ ಹಾಕಿಸಿಕೊಂಡೆ. ದಪ್ಪ ಬೊಡ್ಡೆಯನ್ನು ಎರಡೂ ಬದಿಯಿಂದ ಕೊಯ್ಯಬೇಕಾದರೂ ಕೆಲಸ ನಿಲ್ಲುವುದಿಲ್ಲ. ನಮ್ಮ ಭಾಗದ ಜಾಲಿ, ಬೇವು, ನೀಲಗಿರಿಗಳಿಗೆ ಹೆಚ್ಚಿನವರಿಗೆ ಇಷ್ಟೇ ಸಾಕೆಂಬುದು ನನ್ನ ಅಭಿಪ್ರಾಯ.

ಚೈನನ್ನು ಹೋಲಿಸುವಾಗ ಪಿಚ್ (ಕೊಂಡಿಗಳ ನಡುವಿನ ಅಂತರದ ಅಳತೆ), ಗೇಜ್ (ಬಾರಿನ ಗಾಡಿಯಲ್ಲಿ ಕೂರುವ ಕೊಂಡಿಯ ದಪ್ಪ), ಆ ಕೊಂಡಿಗಳ ಅಂದರೆ ಡ್ರೈವ್ ಲಿಂಕುಗಳ ಸಂಖ್ಯೆ ಮೂರನ್ನೂ ಕೇಳಿ ಬರೆದುಕೊಳ್ಳಬೇಕು. ಇವುಗಳಲ್ಲಿ ಒಂದು ಬೇರೆಯಾದರೂ ಹೊಸ ಚೈನು ಕೂರುವುದಿಲ್ಲ. ಹಲ್ಲು ಹರಿತ ಮಾಡುವ ಅರವೂ ಪಿಚ್‌ಗೆ ತಕ್ಕದ್ದೇ ಬೇಕು: 0.325 ಇಂಚಿನ ಚೈನಿಗೆ ಸಾಮಾನ್ಯವಾಗಿ 4.8 ಮಿಲಿಮೀಟರಿನ ದುಂಡು ಅರ ಹೊಂದುತ್ತದೆ. ಮಣ್ಣು ಮೆತ್ತಿದ ತೊಗಟೆಯನ್ನು ಕೊಯ್ದರೆ ಹಲ್ಲು ಬೇಗ ಮೊಂಡಾಗುವುದರಿಂದ ಅರ ಹಿಡಿಯುವ ಕೆಲಸ ಪದೇ ಪದೇ ಬರುತ್ತದೆ.

ಇನ್ನು ಯಂತ್ರವನ್ನು ಚಾಲೂ ಮಾಡಿಸದೆ ಹಣ ಕೊಡಬೇಡಿ. ತಣ್ಣಗಿರುವಾಗ ಒಮ್ಮೆ, ಕಾದ ಮೇಲೆ ನಿಲ್ಲಿಸಿ ಮತ್ತೊಮ್ಮೆ ಹಗ್ಗ ಎಳೆಸಿ. ಕಾದಾಗ ಹಠ ಮಾಡುವ ಎಂಜಿನ್ ಏಪ್ರಿಲ್ ಬಿಸಿಲಿನಲ್ಲಿ ಹೊಲದ ಮಧ್ಯೆ ನಿಮ್ಮನ್ನು ಕೂಡಿಸಿಬಿಡುತ್ತದೆ. ಐಡಲ್‌ನಲ್ಲಿ, ಅಂದರೆ ಎಕ್ಸಲರೇಟರ್ ಒತ್ತದೆ ಎಂಜಿನ್ ಓಡುತ್ತಿರುವಾಗ, ಚೈನು ಕದಲಬಾರದು. ಬಾರಿನ ತುದಿಯನ್ನು ಒಣ ರಟ್ಟಿಗೆ ತಾಗದಂತೆ ಒಂದು ಗೇಣು ಮೇಲೆ ಹಿಡಿದು ಎಕ್ಸಲರೇಟರ್ ಕೊಟ್ಟಾಗ, ರಟ್ಟಿನ ಮೇಲೆ ಎಣ್ಣೆಯ ಸಣ್ಣ ಗೆರೆ ಮೂಡಿದರೆ ಚೈನಿಗೆ ಎಣ್ಣೆ ಉಣಿಸುವ ಆಯಿಲ್ ಪಂಪ್ ಸರಿಯಿದೆ ಎಂದರ್ಥ. ಮುಂದಿನ ಹಿಡಿಕೆಯ ಎದುರಿಗಿರುವ ಗಾರ್ಡ್ ಚೈನಿನ ಬ್ರೇಕ್ ಕೂಡ ಹೌದು; ಅದನ್ನು ಮುಂದಕ್ಕೆ ದೂಡಿದೊಡನೆ ಚೈನು ನಿಲ್ಲಲೇಬೇಕು, ಏಕೆಂದರೆ ಬಾರಿನ ತುದಿಯ ಮೇಲ್ಭಾಗ ಮರಕ್ಕೆ ತಾಗಿದಾಗ ಯಂತ್ರ ಮುಖದತ್ತ ಚಿಮ್ಮುವುದು ಕ್ಷಣದ ಮಾತು. ಬೆಲೆ ಎಷ್ಟೇ ಕಡಿಮೆಯಿದ್ದರೂ ಈ ಬ್ರೇಕ್ ಹಿಡಿಯದ ಯಂತ್ರವನ್ನು ಅಲ್ಲೇ ಬಿಟ್ಟು ಬನ್ನಿ.

ಟೂ-ಸ್ಟ್ರೋಕ್ ಎಂಜಿನ್ನಿಗೆ ಪೆಟ್ರೋಲಿನಲ್ಲಿ ಆಯಿಲ್ ಬೆರೆಸಬೇಕಷ್ಟೆ. ಕೈಪಿಡಿ 25:1 ಎಂದಿದ್ದರೆ ಲೀಟರಿಗೆ 40 ಮಿಲಿ, 50:1 ಎಂದಿದ್ದರೆ 20 ಮಿಲಿ. ಈಗ ಬಂಕಿನಲ್ಲಿ ಸಿಗುವ ಎಥೆನಾಲ್ ಬೆರೆತ ಪೆಟ್ರೋಲ್ ತೇವ ಹೀರುತ್ತದೆ. ಕಾರ್ಬುರೇಟರಿನೊಳಗಿನ ತೆಳು ರಬ್ಬರ್ ಪೊರೆ (ಡಯಾಫ್ರಾಮ್) ಹಾಳಾಗದಿರಲು, ತಿಂಗಳುಗಟ್ಟಲೆ ಯಂತ್ರ ಇಡುವ ಮುನ್ನ ಟ್ಯಾಂಕ್ ಖಾಲಿ ಮಾಡಿ, ತಾನಾಗಿ ನಿಲ್ಲುವವರೆಗೆ ಓಡಿಸಬೇಕು. ಆ ಡಯಾಫ್ರಾಮ್, ಏರ್ ಫಿಲ್ಟರ್, ಸ್ಟಾರ್ಟರ್ ಹಗ್ಗ ಇವು ಹುಬ್ಬಳ್ಳಿಯಲ್ಲೋ ಗದಗಿನಲ್ಲೋ ಬಿಡಿಯಾಗಿ ಸಿಗುತ್ತವೆಯೇ ಎಂದು, ಯಂತ್ರ ಮಾರುವ ಅಂಗಡಿಯಲ್ಲಲ್ಲ, ರಿಪೇರಿ ಮಾಡುವವರ ಬಳಿ ವಿಚಾರಿಸಿ. ಹಣ ಕೊಡುವಾಗ ಬಿಲ್ಲಿನಲ್ಲಿ ಮಾಡೆಲ್, ಯಂತ್ರದ ಸೀರಿಯಲ್ ನಂಬರ್, ವಾರಂಟಿಯ ಅವಧಿ ಬರೆಸಿಕೊಳ್ಳಿ, ಅದೇ ಖರ್ಚಿನಲ್ಲಿ ಕಣ್ಣಿಗೆ ಕನ್ನಡಕ, ಕಿವಿಗೆ ಮಫ್, ಕಾಲಿಗೆ ಗಟ್ಟಿ ಬೂಟುಗಳನ್ನೂ ಸೇರಿಸಿಕೊಳ್ಳಿ.